ಬಿದಿರುಮುಳ್ಳು ಎಬ್ಬಿಸಿದ ಜ್ವರ

ಆಗಸ್ಟ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದಲ್ಲಿ ನೀವು ನಿಂತಿದ್ದೀರಿ. ಬೆಳಗಿನಿಂದ ಹುಯ್ದ ಮಳೆ ಈಗ ಸ್ವಲ್ಪ ಹೊಳವಾಗಿದೆ. ಮರಗಳಿಂದ ಹನಿ ಮಾತ್ರ ಉದುರುತ್ತಲೇ ಇದೆ. ಬಸಿಗಾಲುವೆಗೆ ಬಿದ್ದ ಸೋಗೆ ಎಳೆದುಹಾಕಲು ಬರಿಗಾಲಲ್ಲಿ ಕೆಸರಿಗೆ ಇಳಿದಿದ್ದೀರಿ. ಚಪ್ಪಲಿ ದರೆಯ ಮೇಲೆ ಉಳಿದಿದೆ. ಹೋದ ವರ್ಷದ ಬೇಲಿಯಿಂದ ಕಳಚಿಕೊಂಡ ಒಣ ಬಿದಿರುಮುಳ್ಳೊಂದು ಆ ಕೆಸರಿನಲ್ಲಿದೆ. ಬಲಗಾಲು ಊರಿದ್ದೇ ತಡ, ಪಾದದ ಒಳಬದಿಯಲ್ಲಿ, ಚರ್ಮ ಮೆತ್ತಗಿರುವ ಕಡೆಯೇ ಅದು ಹೆಟ್ಟಿತು.

ಕಾಲೆತ್ತಿ ಮುಳ್ಳು ಕಿತ್ತಿರಿ. ಒಂದು ಹನಿ ರಕ್ತ ಬಂತು. ಅದೇ ಕಾಲುವೆಯ ನೀರಲ್ಲಿ ತೊಳೆದು ಮತ್ತೆ ಸೋಗೆಗೆ ಕೈ ಹಾಕಿದಿರಿ. ಮುಳ್ಳಿನ ತುದಿ ಮುರಿದು ಒಳಗೇ ಉಳಿದದ್ದು ನಿಮಗೆ ಗೊತ್ತಾಗಲಿಲ್ಲ. ಅದು ಒಂದು ಮಿಲಿಮೀಟರ್ ಉದ್ದವೂ ಇಲ್ಲ. ನಾವೀಗ ಆ ತುದಿ ಹೋದ ದಾರಿಯಲ್ಲೇ ಒಳಗಿಳಿದು ನೋಡೋಣ. ಇನ್ನೆರಡು ದಿನ ನಿಮ್ಮ ಮೈಯಲ್ಲಿ ನಡೆಯುವುದೆಲ್ಲ ಇಲ್ಲಿಂದಲೇ ಶುರು.

ಮೇಲ್ಚರ್ಮ ದಾಟಿದರೆ ಒಳಚರ್ಮ. ಕತ್ತಲು, ತೇವ, ಇಕ್ಕಟ್ಟು. ಕೊಲಾಜೆನ್ ನಾರುಗಳು ಅಡ್ಡಾದಿಡ್ಡಿ ಹೆಣೆದುಕೊಂಡಿವೆ. ಅವುಗಳ ನಡುವೆ ಕೂದಲಿಗಿಂತ ಸಪೂರ ರಕ್ತನಾಳಗಳು ಹಾದುಹೋಗಿವೆ. ಮುಳ್ಳಿನ ಚೂರು ನಾರುಗಳನ್ನು ಹರಿದುಕೊಂಡು ಬಂದು ಇಲ್ಲಿ ನಿಂತಿದೆ. ಜೊತೆಗೆ ಚರ್ಮದ ಮೇಲಿದ್ದ ಕೆಲವು ಬ್ಯಾಕ್ಟೀರಿಯಾಗಳನ್ನೂ ಒಳಕ್ಕೆ ತಳ್ಳಿಕೊಂಡು ಬಂದಿದೆ. ದುಂಡನೆಯ ಇವುಗಳ ಹೆಸರು ಸ್ಟ್ಯಾಫಿಲೊಕಾಕಸ್ ಆರಿಯಸ್. ಹೊರಗಿನ ಕೆಸರಿನಲ್ಲೇ ಇವನ್ನು ಹುಡುಕಬೇಕಾಗಿಲ್ಲ. ಸುಮಾರು ಮೂರು ಜನರಲ್ಲಿ ಒಬ್ಬರ ಮೂಗಿನಲ್ಲಿ ಇವು ಸುಮ್ಮನೆ ವಾಸವಾಗಿರುತ್ತವೆ. ಒಂದೊಂದರ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅನುಕೂಲ ಸಿಕ್ಕರೆ ಸುಮಾರು ಅರ್ಧ ಗಂಟೆಗೊಮ್ಮೆ ಒಂದು ಎರಡಾಗುತ್ತದೆ. ತಡೆಯುವವರೇ ಇಲ್ಲದಿದ್ದರೆ ಹತ್ತು ಗಂಟೆಯಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಹತ್ತು ಲಕ್ಷ ದಾಟುತ್ತದೆ. ಇವತ್ತು ನಡುರಾತ್ರಿ ದಾಟುವ ಹೊತ್ತಿಗೆ ಅಂದುಕೊಳ್ಳಿ.

ಆದರೆ ತಡೆಯುವವರು ಇಲ್ಲೇ ಇದ್ದಾರೆ. ನಾರುಗಳ ಸಂದಿಯಲ್ಲಿ ಕೈಕಾಲು ಚಾಚಿಕೊಂಡು ಕೂತ ದೊಡ್ಡ ಕೋಶವೊಂದು ಕಾಣಿಸುತ್ತದೆಯೇ? ಅದು ಮ್ಯಾಕ್ರೋಫೇಜ್. ಮುಳ್ಳು ಬರುವುದಕ್ಕೆ ಮೊದಲೂ ಅದು ಇಲ್ಲೇ ಇತ್ತು, ಸತ್ತ ಕೋಶಗಳ ಚೂರುಗಳನ್ನು ನುಂಗುತ್ತಾ. ಅದರ ಮೈಮೇಲೆ ಟೋಲ್ ಮಾದರಿಯ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಬ್ಯಾಕ್ಟೀರಿಯಾದ ಗೋಡೆಯಲ್ಲಿ ಮಾತ್ರ ಇರುವ, ಮನುಷ್ಯನ ಮೈಯಲ್ಲಿ ಎಲ್ಲೂ ಇಲ್ಲದ ಕೆಲವು ರಾಸಾಯನಿಕಗಳು ತಾಗಿದರೆ ಇವಕ್ಕೆ ಗೊತ್ತಾಗುತ್ತದೆ. ಈ ಗುಟ್ಟು ಮೊದಲು ಬಿಟ್ಟುಕೊಟ್ಟದ್ದು ಹಣ್ಣಿನ ನೊಣ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ಮತ್ತು ಜೊತೆಗಾರರು 1996ರಲ್ಲಿ ಟೋಲ್ ಎಂಬ ಜೀನ್ ಕೆಟ್ಟ ನೊಣಗಳು ಬೂಷ್ಟು ಹತ್ತಿ ಸಾಯುವುದನ್ನು ತೋರಿಸಿದರು. ಎರಡು ವರ್ಷದ ಮೇಲೆ ಅಮೆರಿಕದ ಬ್ರೂಸ್ ಬಾಯ್ಟ್ಲರ್ ಅದೇ ಬಗೆಯ ಗ್ರಾಹಕ ಇಲಿಯಲ್ಲಿ ಬ್ಯಾಕ್ಟೀರಿಯಾದ ವಿಷವನ್ನು ಗುರುತಿಸುವುದನ್ನು ಕಂಡುಹಿಡಿದರು. 2011ರ ನೊಬೆಲ್ ಬಹುಮಾನದಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ನೊಣಕ್ಕೂ ನಮಗೂ ಇಷ್ಟು ಹಳೆಯ ನಂಟಿದೆ ಎಂಬುದನ್ನು ಓದಿದಾಗೆಲ್ಲ ನನಗೆ ರೋಮಾಂಚನವಾಗುತ್ತದೆ.

ಮ್ಯಾಕ್ರೋಫೇಜ್ ಎರಡು ಬ್ಯಾಕ್ಟೀರಿಯಾ ನುಂಗಿತು, ಮೂರನೆಯದಕ್ಕೆ ಚಾಚಿತು. ಅಷ್ಟರಲ್ಲಿ ಪಕ್ಕದ ಮಾಸ್ಟ್ ಕೋಶ ತನ್ನೊಳಗೆ ಕಾಳುಕಾಳಾಗಿ ತುಂಬಿಟ್ಟುಕೊಂಡ ಹಿಸ್ಟಮಿನ್ ಅನ್ನು ಒಮ್ಮೆಲೇ ಹೊರಕ್ಕೆ ಸುರಿದಿದೆ. ಪಕ್ಕದ ಸಣ್ಣ ರಕ್ತನಾಳವನ್ನು ನೋಡುತ್ತಿರಿ. ಅದರ ಗೋಡೆಯ ಸ್ನಾಯು ಸಡಿಲವಾಗುತ್ತಿದೆ, ನಾಳ ಅಗಲವಾಗುತ್ತಿದೆ, ರಕ್ತ ನುಗ್ಗಿ ಬರುತ್ತಿದೆ. ಹೊರಗಿನಿಂದ ನೋಡಿದರೆ ಪಾದ ಕೆಂಪಾಗಿದೆ, ಮುಟ್ಟಿದರೆ ಬಿಸಿ. ಗಾಯದ ಬಿಸಿ ಗಾಯದಲ್ಲೇ ಹುಟ್ಟುತ್ತದೆ ಎಂದು ತೋರುತ್ತದೆ, ಹಾಗಲ್ಲ. ಮಳೆಯಲ್ಲಿ ನೆಂದ ಪಾದದ ಚರ್ಮ ಎದೆಹೊಟ್ಟೆಗಿಂತ ಎಷ್ಟೋ ಡಿಗ್ರಿ ತಣ್ಣಗಿರುತ್ತದೆ. ಈಗ ಅಲ್ಲಿಗೆ ಬಂದಿರುವುದು ಮೈಯ ಒಳಗಿನ 37 ಡಿಗ್ರಿಯ ರಕ್ತ.

ನಾಳದ ಗೋಡೆಯ ಕೋಶಗಳು ಒಂದರಿಂದೊಂದು ತುಸು ಸರಿದು ಸಂದು ಬಿಟ್ಟಿವೆ. ಆ ಸಂದಿನಿಂದ ರಕ್ತದ ತಿಳಿ ಹೊರಗೆ ಜಿನುಗುತ್ತದೆ. ಊತ ಎಂದರೆ ಈ ನೀರೇ. ಬರೀ ನೀರಲ್ಲ, ಅದರಲ್ಲಿ ಪೂರಕ ಪ್ರೋಟೀನುಗಳು ಬಂದಿವೆ. ಅವು ಬ್ಯಾಕ್ಟೀರಿಯಾದ ಮೈಗೆ ಮೆತ್ತಿಕೊಂಡವೆಂದರೆ ನುಂಗುವ ಕೋಶಗಳಿಗೆ ಹಿಡಿತ ಸಿಗುತ್ತದೆ. ಫೈಬ್ರಿನೊಜೆನ್ ಬಂದಿದೆ, ಅದು ಹೆಪ್ಪಾಗಿ ಗಾಯದ ಸುತ್ತ ಕಟ್ಟು ಹಾಕುತ್ತದೆ. ಹಿಂದೆ ಎಂದೋ ಕಂಡ ರೋಗಾಣುಗಳ ವಿರುದ್ಧ ಮೈ ಮಾಡಿಟ್ಟುಕೊಂಡ ಪ್ರತಿಕಾಯಗಳೂ ಬಂದಿವೆ. ಇದೇ ಹೊತ್ತಿಗೆ ಬ್ರಾಡಿಕೈನಿನ್, ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ನರದ ತುದಿಗಳನ್ನು ಕೆಣಕಿ ಸೂಕ್ಷ್ಮ ಮಾಡಿವೆ. ಈಗ ಸುಮ್ಮನೆ ಕಾಲು ಊರಿದರೂ ನೋವು.

ಕೆಂಪು, ಊತ, ಬಿಸಿ, ನೋವು. ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷದ ಹಿಂದೆ ಉರಿಯೂತದ ಲಕ್ಷಣ ಬರೆಯುವಾಗ ಈ ನಾಲ್ಕನ್ನೇ ಹೆಸರಿಸಿದ್ದ. ಅವನಿಗೆ ಕಂಡದ್ದು ಮೇಲ್ಮೈ. ಒಳಗೆ ನಿಂತು ನೋಡಿದರೆ ನಾಲ್ಕೂ ಒಂದೇ ಕೆಲಸದ ಭಾಗ: ರಕ್ತದಲ್ಲಿ ಇರುವುದನ್ನು ರಕ್ತನಾಳದ ಹೊರಗೆ, ಬೇಕಾದ ಕಡೆಗೆ ತಂದುಹಾಕುವುದು, ಮತ್ತು ಆ ಜಾಗವನ್ನು ಅಲುಗಾಡಿಸದಂತೆ ನಿಮ್ಮನ್ನು ಕೂರಿಸುವುದು.

ಕತ್ತಲಾಗುವ ಹೊತ್ತಿಗೆ ಮನೆ ಮೆಟ್ಟಿಲು ಹತ್ತುತ್ತಿದ್ದೀರಿ. ಅಮ್ಮ ಜಗುಲಿಯಿಂದಲೇ ನೋಡಿದರು.

“ಎಂತ ಆಯ್ತು? ಯಾಕೆ ಕುಂಟ್ತಾ ಇದ್ದಿ?”

“ಮುಳ್ಳು ಹೆಟ್ಟಿತು. ತೆಗ್ದೆ.”

“ತುದಿ ಒಳಗೇ ಉಳಿದಿದ್ಯೇನೋ ನೋಡ್ಕೊಂಡ್ಯಾ? ಬಿಸಿನೀರಲ್ಲಿ ಸೋಪು ಹಾಕಿ ತೊಳಿ. ಹಾಗೇ ಮಲಗ್ಬೇಡ.”

ತೊಳೆದಿರಿ. ತುದಿ ಕಾಣಲಿಲ್ಲ. ಊಟ ಮಾಡಿ ಕಾಲನ್ನು ದಿಂಬಿನ ಮೇಲೆ ಇಟ್ಟು ಮಲಗಿದಿರಿ. ನಿಮಗೆ ನಿದ್ದೆ ಹತ್ತಿದೆ. ನಾವು ಮತ್ತೆ ಒಳಗೆ ಹೋಗೋಣ, ಏಕೆಂದರೆ ನ್ಯೂಟ್ರೋಫಿಲ್‌ಗಳು ಬರತೊಡಗಿವೆ.

ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ನಿಮ್ಮ ಎಲುಬಿನ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುತ್ತದೆ. ರಕ್ತದಲ್ಲಿ ಅವುಗಳ ಸಂಚಾರ ಹೆಚ್ಚಾಗಿ ಕೆಲವು ಗಂಟೆಗಳದ್ದು. ಕೆಲಸ ಸಿಗದಿದ್ದರೆ ಹಾಗೇ ಸತ್ತುಹೋಗುತ್ತವೆ. ಪಾದದ ಈ ಮೂಲೆಯಲ್ಲಿ ರಕ್ತನಾಳದ ಒಳಗೋಡೆ ಈಗ ಬದಲಾಗಿದೆ. ಮ್ಯಾಕ್ರೋಫೇಜ್ ಕಳಿಸಿದ ಸಂದೇಶಕ್ಕೆ ಓಗೊಟ್ಟು ಅದು ಸೆಲೆಕ್ಟಿನ್ ಎಂಬ ಅಂಟುವ ಪ್ರೋಟೀನುಗಳನ್ನು ಮೇಲೆ ತಂದಿದೆ. ರಭಸದಲ್ಲಿ ಬರುತ್ತಿದ್ದ ನ್ಯೂಟ್ರೋಫಿಲ್ ಅವಕ್ಕೆ ತಾಗುತ್ತದೆ, ಬಿಡುತ್ತದೆ, ಮತ್ತೆ ತಾಗುತ್ತದೆ. ಮಳೆಗಾಲದ ಹೊಳೆಯಲ್ಲಿ ತೇಲಿಬಂದ ತೆಂಗಿನಕಾಯಿ ದಡದ ಬೇರುಗಳಿಗೆ ತಾಗಿ ತಾಗಿ ಉರುಳುತ್ತಾ ನಿಧಾನವಾಗುವ ಹಾಗೆ ಅದು ಗೋಡೆಗುಂಟ ಉರುಳುತ್ತದೆ. ಆಮೇಲೆ ಇಂಟೆಗ್ರಿನ್ ಎಂಬ ಇನ್ನೊಂದು ಪ್ರೋಟೀನು ಬಿಗಿಯಾಗಿ ಹಿಡಿಯುತ್ತದೆ. ಉರುಳಾಟ ನಿಂತಿತು. ಕೋಶ ಚಪ್ಪಟೆಯಾಯಿತು. ಎರಡು ಗೋಡೆಕೋಶಗಳ ನಡುವೆ ಒಂದು ಎಳೆ ತೂರಿಸಿತು. ಅದರ ಹಿಂದೆ ಇಡೀ ಮೈಯನ್ನು ಹಿಂಡಿಕೊಂಡು ಎಳೆದುಕೊಂಡಿತು. ಕೆಲವೇ ನಿಮಿಷದಲ್ಲಿ ಅದು ನಾಳದ ಹೊರಗಿದೆ. ಹಿಂದೆ ಇನ್ನೊಂದು, ಅದರ ಹಿಂದೆ ನೂರಾರು. 1867ರಲ್ಲಿ ಬರ್ಲಿನ್‌ನ ಯೂಲಿಯಸ್ ಕೋನ್‌ಹೈಮ್ ಬದುಕಿರುವ ಕಪ್ಪೆಯ ಕರುಳಿನ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಗಂಟೆಗಟ್ಟಲೆ ಕೂತು ಈ ದಾಟುವಿಕೆಯನ್ನು ಕಣ್ಣಾರೆ ನೋಡಿ ವಿವರಿಸಿದರು. ಕೀವಿನ ಕಣಗಳು ರಕ್ತದಿಂದಲೇ ಬಂದವು ಎಂಬುದು ಅಲ್ಲಿಂದ ಗಟ್ಟಿಯಾಯಿತು.

ಆದರೆ ಬಂದ ಕಣಗಳು ಏನು ಮಾಡುತ್ತವೆ? ಅವು ರೋಗಾಣುವನ್ನು ಹೊತ್ತು ಮೈಯೆಲ್ಲ ಹರಡುತ್ತವೆ ಎಂದೇ ಆಗಿನ ಅನೇಕ ವೈದ್ಯರ ಎಣಿಕೆ. ಅದಕ್ಕೆ ಉತ್ತರವೂ ಒಂದು ಮುಳ್ಳಿನಿಂದಲೇ ಬಂತು. 1882ರ ಡಿಸೆಂಬರ್, ಸಿಸಿಲಿ ದ್ವೀಪದ ಮೆಸ್ಸಿನಾ ಊರು. ಒಡೆಸ್ಸಾದ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಬಂದ ಇಲ್ಯಾ ಮೆಚ್ನಿಕಾಫ್ ಕಡಲ ದಂಡೆಯ ಮನೆಯಲ್ಲಿದ್ದಾರೆ. ಮನೆಯವರೆಲ್ಲ ಸರ್ಕಸ್‌ನಲ್ಲಿ ಆಟ ಕಲಿತ ಮಂಗಗಳನ್ನು ನೋಡಲು ಹೋಗಿದ್ದಾರೆ. ಇವರೊಬ್ಬರೇ ಸೂಕ್ಷ್ಮದರ್ಶಕದ ಮುಂದೆ. ಗಾಜಿನ ಕೆಳಗೆ ನಕ್ಷತ್ರಮೀನಿನ ಮರಿ, ಆರಪಾರ ಕಾಣುವಂಥದ್ದು. ಒಳಗೆ ಅಲೆದಾಡುವ ಕೋಶಗಳಿವೆ. ಈ ಕೋಶಗಳು ಹೊರಗಿನಿಂದ ಬಂದದ್ದನ್ನು ಎದುರಿಸಲೆಂದೇ ಇದ್ದರೆ, ಮರಿಗೆ ಒಂದು ಮುಳ್ಳು ಚುಚ್ಚಿದರೆ ಅವು ಅದರ ಸುತ್ತ ಬಂದು ಸೇರಬೇಕಲ್ಲವೇ ಎಂಬ ಯೋಚನೆ ಥಟ್ಟನೆ ಹೊಳೆಯಿತು. ಎದ್ದು ಕೋಣೆಯಲ್ಲಿ ಶತಪಥ ಹಾಕಿದರು. ಕಡಲ ದಂಡೆಗೂ ಹೋಗಿ ಬಂದರು. ಮನೆಯ ಪುಟ್ಟ ತೋಟದಿಂದ ಗುಲಾಬಿ ಮುಳ್ಳು ತಂದು ಮರಿಯ ಚರ್ಮದಡಿ ತೂರಿಸಿದರು. ಆ ರಾತ್ರಿ ಅವರಿಗೆ ನಿದ್ದೆಯಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಕಿಕ್ಕಿರಿದು ಮುತ್ತಿಕೊಂಡಿದ್ದವು. ನಕ್ಷತ್ರಮೀನಿಗೆ ರಕ್ತನಾಳವಿಲ್ಲ, ನಮ್ಮಂಥ ನರಮಂಡಲವಿಲ್ಲ. ಆದರೂ ಮುಳ್ಳು ಹೊಕ್ಕರೆ ಕೋಶಗಳು ಹೋಗಿ ನುಂಗಲು ನೋಡುತ್ತವೆ. 1908ರ ಡಿಸೆಂಬರಿನಲ್ಲಿ ಮೆಚ್ನಿಕಾಫ್‌ಗೆ ನೊಬೆಲ್ ಬಂತು. ಅದೇ ತಿಂಗಳ 28ರಂದು ಭೂಕಂಪವಾಗಿ ಮೆಸ್ಸಿನಾ ನಗರ ನೆಲಸಮವಾಯಿತು.

ನಿಮ್ಮ ಪಾದದಲ್ಲಿ ಈಗ ನಡೆಯುತ್ತಿರುವುದೂ ಅದೇ. ನ್ಯೂಟ್ರೋಫಿಲ್ ಒಂದು ಬ್ಯಾಕ್ಟೀರಿಯಾವನ್ನು ಸುತ್ತುವರಿದು ಒಳಗೆಳೆದುಕೊಂಡಿತು. ಮರುಕ್ಷಣವೇ ಅದು ಆಮ್ಲಜನಕ ಹೀರುವ ವೇಗ ಎಷ್ಟೋ ಪಟ್ಟು ಏರುತ್ತದೆ. ಅದರಿಂದ ಮೊದಲು ಸೂಪರ್ ಆಕ್ಸೈಡ್, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್, ಕೊನೆಗೆ ಹೈಪೋಕ್ಲೋರಸ್ ಆಮ್ಲ. ಪಂಚಾಯಿತಿಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರಿನಲ್ಲಿ ಕ್ರಿಮಿ ಕೊಲ್ಲುವುದೂ ಇದೇ ಆಮ್ಲ. ಅದನ್ನು ತಯಾರಿಸುವ ಕಿಣ್ವದ ಬಣ್ಣ ಹಸಿರು; ಕೀವಿನಲ್ಲಿ ಕಾಣುವ ಹಸಿರು ಛಾಯೆ ಅದರಿಂದಲೇ ಬರುತ್ತದೆ. ಈ ಸರಣಿಯ ಮೊದಲ ಹೆಜ್ಜೆಯನ್ನೇ ಇಡಲಾಗದ ಮಕ್ಕಳು ಅಪರೂಪಕ್ಕೆ ಹುಟ್ಟುತ್ತಾರೆ. ಅವರಲ್ಲಿ ನ್ಯೂಟ್ರೋಫಿಲ್ ಬರುತ್ತದೆ, ನುಂಗುತ್ತದೆ, ಕೊಲ್ಲಲು ಮಾತ್ರ ಆಗದು. ಮೇಲಿಂದ ಮೇಲೆ ಕೀವುಗಡ್ಡೆ ಎದ್ದು ನರಳುತ್ತಾರೆ.

ಕೆಲವು ನ್ಯೂಟ್ರೋಫಿಲ್‌ಗಳು ನುಂಗುವುದನ್ನೂ ಬಿಟ್ಟು ತಮ್ಮ ಡಿಎನ್‌ಎಯನ್ನೇ ಹೊರಗೆಸೆದು ಬಲೆ ಬೀಸುತ್ತವೆ. ಬರ್ಲಿನ್‌ನ ವಿಜ್ಞಾನಿಗಳು ಇದನ್ನು ವರದಿ ಮಾಡಿದ್ದು 2004ರಲ್ಲಿ. ಬಲೆಗೆ ಸಿಕ್ಕ ಬ್ಯಾಕ್ಟೀರಿಯಾ ಅಲ್ಲೇ ಅಂಟಿಕೊಳ್ಳುತ್ತದೆ. ಬಲೆ ಬೀಸಿದ ಕೋಶ ಹೆಚ್ಚಾಗಿ ಸಾಯುತ್ತದೆ. ಮತ್ತೆ, ಇಷ್ಟು ಉಗ್ರವಾದ ರಾಸಾಯನಿಕಗಳಿಗೆ ಬ್ಯಾಕ್ಟೀರಿಯಾ ಯಾವುದು, ನಿಮ್ಮ ಸ್ವಂತ ನಾರು ಯಾವುದು ಎಂಬ ಭೇದ ತಿಳಿಯದು. ಸುತ್ತಲಿನ ಕೊಲಾಜೆನ್ ಕರಗುತ್ತಿದೆ. ಸತ್ತ ನ್ಯೂಟ್ರೋಫಿಲ್, ಸತ್ತ ಬ್ಯಾಕ್ಟೀರಿಯಾ, ಕರಗಿದ ಮಾಂಸ ಕೂಡಿ ಹಳದಿಯಾಗಿ ಗಟ್ಟಿಯಾಗುತ್ತಿದೆ. ಉರಿಯೂತ ನಮಗೆ ಪುಕ್ಕಟೆ ಸಿಕ್ಕ ರಕ್ಷಣೆಯಲ್ಲ. ಅದಕ್ಕೆ ಮೈ ತನ್ನ ಮಾಂಸವನ್ನೇ ತೆರುತ್ತದೆ.

ಎರಡನೆಯ ದಿನ. ಪಾದದ ಚರ್ಮ ಬಿಗಿದು ಮಿರುಗುತ್ತಿದೆ. ಕೆಂಪು ಹಿಮ್ಮಡಿಯವರೆಗೆ ಹರಡಿದೆ. ಎದೆ ಬಡಿದುಕೊಂಡಾಗೆಲ್ಲ ಅಲ್ಲಿ ಪಟಪಟ ಎನ್ನುತ್ತದೆ. ಸಂಜೆ ಹೊತ್ತಿಗೆ ತೊಡೆಸಂದಿಯಲ್ಲಿ ಒಂದು ಗಡ್ಡೆ ಕೈಗೆ ಸಿಕ್ಕಿತು, ಮುಟ್ಟಿದರೆ ನೋವು. ಅದು ದುಗ್ಧಗ್ರಂಥಿ. ಪಾದದಿಂದ ಜಿನುಗಿದ ನೀರು ಸಪೂರ ನಾಳಗಳಲ್ಲಿ ಇಲ್ಲಿಗೆ ಬರುತ್ತಿದೆ. ಅದರೊಂದಿಗೆ ಡೆಂಡ್ರೈಟಿಕ್ ಕೋಶಗಳು ಬ್ಯಾಕ್ಟೀರಿಯಾದ ತುಣುಕುಗಳನ್ನು ಹೊತ್ತು ತಂದು ಇಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತಿವೆ. ಈ ತುಣುಕಿಗೆ ಸರಿಹೊಂದುವ ಕೋಶ ಸಿಕ್ಕು, ಅದು ಸಾವಿರ ಸಾವಿರವಾಗಿ ಬೆಳೆಯಲು ಕೆಲವು ದಿನಗಳೇ ಬೇಕು. ಅಲ್ಲಿಯವರೆಗೆ ತಡೆದು ಹಿಡಿಯುವುದು ಪಾದದಲ್ಲಿರುವವರ ಕೆಲಸ.

ಏಳು ಗಂಟೆಗೆ ನೀವು ಜಗುಲಿಯಲ್ಲಿ ಕೂತಿದ್ದೀರಿ. ಬೆನ್ನಿನಲ್ಲಿ ಎಲ್ಲಿಂದಲೋ ಚಳಿ ಹೊಕ್ಕಿತು. ಗಾಳಿಯಿಲ್ಲ, ಮಳೆ ನಿಂತಿದೆ, ಆದರೂ ಚಳಿ. ರೋಮ ನೆಟ್ಟಗಾಯಿತು. ಹಲ್ಲು ಕಟಕಟ ಶುರುವಾಯಿತು. ಅಮ್ಮ ಬಂದು ಹಣೆ ಮುಟ್ಟಿದರು, ಆಮೇಲೆ ಕೈ ಮುಟ್ಟಿದರು.

“ಹಣೆ ಸುಡ್ತಾ ಇದೆ, ಕೈ ನೋಡಿದ್ರೆ ಇಷ್ಟು ತಣ್ಣಗಿದೆ. ಒಳಗೆ ನಡಿ, ಕಂಬಳಿ ಕೊಡ್ತೆ.”

ಹಣೆ ಬಿಸಿ, ಕೈ ತಣ್ಣಗೆ: ಈ ಎರಡು ಒಟ್ಟಿಗೇ ಏಕೆ ಎಂದು ತಿಳಿಯಲು ಪಾದ ಬಿಟ್ಟು ಮೆದುಳಿಗೆ ಹೋಗಬೇಕು. ಪಾದದ ಮ್ಯಾಕ್ರೋಫೇಜ್‌ಗಳು ಸುರಿದ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಎಂಬ ಸಂದೇಶವಸ್ತುಗಳು ರಕ್ತಕ್ಕೆ ಸೇರಿವೆ. ಮೆದುಳಿನ ಬುಡದಲ್ಲಿ ಹೈಪೋಥಲಮಸ್ ಎಂಬ ಭಾಗವಿದೆ. ಮೈಯ ಬಿಸಿ ಎಷ್ಟಿರಬೇಕೆಂದು ಗೊತ್ತುಮಾಡುವ ನರಕೋಶಗಳು ಅದರ ಮುಂಭಾಗದಲ್ಲಿವೆ. ಸಂದೇಶ ತಲುಪಿದಾಗ ಅಲ್ಲಿನ ರಕ್ತನಾಳಗಳ ಗೋಡೆ ಪ್ರೊಸ್ಟಗ್ಲಾಂಡಿನ್ ಇ2 ತಯಾರಿಸುತ್ತದೆ. ಅದು ಆ ನರಕೋಶಗಳಿಗೆ ತಾಗಿತೆಂದರೆ ಗುರಿ ಬದಲಾಗುತ್ತದೆ. 37 ಇದ್ದದ್ದು 39 ಆಯಿತು ಅಂದುಕೊಳ್ಳಿ. ಮೈ ಇನ್ನೂ 37ರಲ್ಲೇ ಇದೆ. ಹೊಸ ಗುರಿಗೆ ಹೋಲಿಸಿದರೆ ಎರಡು ಡಿಗ್ರಿ ತಣ್ಣಗಿದೆ. ನಿಮಗೆ ಚಳಿ ಎನಿಸುವುದು ಸುಳ್ಳಲ್ಲ.

ಆಮೇಲೆ ಎಲ್ಲ ಅಪ್ಪಣೆಗಳೂ ಒಂದೊಂದಾಗಿ ಹೊರಡುತ್ತವೆ. ಕೈಕಾಲಿನ ಚರ್ಮದ ರಕ್ತನಾಳಗಳು ಮುಚ್ಚಿಕೊಂಡವು, ಬಿಸಿ ಹೊರಗೆ ಹೋಗದ ಹಾಗೆ. ಅದಕ್ಕೇ ಅಂಗೈ ತಣ್ಣಗೆ. ಬೆವರು ನಿಂತಿತು. ಸ್ನಾಯುಗಳು ತಮ್ಮಷ್ಟಕ್ಕೆ ಅದುರತೊಡಗಿ ಬಿಸಿ ಹುಟ್ಟಿಸುತ್ತಿವೆ. ನೀವೂ ಕಂಬಳಿಯೊಳಗೆ ಮುದುಡಿಕೊಂಡಿರಿ. ಅದೂ ಈ ಕೆಲಸದ ಭಾಗವೇ. ಅರ್ಧ ಗಂಟೆ ಕಳೆದು ಥರ್ಮಾಮೀಟರ್ ಇಟ್ಟರೆ 102.2 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 39 ಸೆಲ್ಸಿಯಸ್. ನಡುಕ ನಿಂತಿದೆ. ಗುರಿ ಮುಟ್ಟಿತು.

ಈಗ ತಣ್ಣೀರು ಬಟ್ಟೆ ಹಾಕಿ ಮೈ ಒರೆಸಿದರೆ? ಗುರಿ 39ರಲ್ಲೇ ಇರುವುದರಿಂದ ಮೈ ಮತ್ತೆ ನಡುಗಿ ಕಳೆದುಕೊಂಡ ಬಿಸಿಯನ್ನು ಕೂಡಿಸಿಕೊಳ್ಳುತ್ತದೆ. ರೋಗಿಗೆ ಹಿಂಸೆ ಅಷ್ಟೇ. ಬಿಸಿಲಿನ ಹೊಡೆತಕ್ಕೆ ಮೈ ಕಾದು ಬಿದ್ದವರ ವಿಷಯ ಬೇರೆ. ಅಲ್ಲಿ ಗುರಿ 37ರಲ್ಲೇ ಇದ್ದು ಮೈ ಕೈಮೀರಿ ಹೋಗಿರುತ್ತದೆ. ಅವರಿಗೆ ನೀರು ಸುರಿದು ತಣ್ಣಗೆ ಮಾಡಿದರೇ ಜೀವ ಉಳಿಯುವುದು. ಥರ್ಮಾಮೀಟರಿಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಮೈ ಶೇಕಡಾ ಹತ್ತಕ್ಕೂ ಹೆಚ್ಚು ಶಕ್ತಿ ಸುಡಬೇಕು. ಹಸಿವೂ ಸತ್ತಿರುವ ಹೊತ್ತಿನಲ್ಲಿ ಇಷ್ಟು ದುಬಾರಿ ಕೆಲಸಕ್ಕೆ ಮೈ ಏಕೆ ಕೈಹಾಕುತ್ತದೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟದ್ದು ಮರುಭೂಮಿಯ ಹಲ್ಲಿ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ಡೆಸರ್ಟ್ ಇಗ್ವಾನಾ ಎಂಬ ಹಲ್ಲಿಗಳನ್ನು ಆರಿಸಿಕೊಂಡರು. ಹಲ್ಲಿಗೆ ನಡುಗಿ ಬಿಸಿ ಹುಟ್ಟಿಸಲು ಬಾರದು. ಬಿಸಿ ಬೇಕಾದರೆ ಬಿಸಿಲಿಗೆ ಹೋಗಬೇಕು, ಬೇಡವಾದರೆ ನೆರಳಿಗೆ. ಒಂದು ಬದಿ ಬಿಸಿ, ಒಂದು ಬದಿ ತಂಪು ಇರುವ ಪೆಟ್ಟಿಗೆಯಲ್ಲಿ ಬಿಟ್ಟರೆ ಆರೋಗ್ಯವಾಗಿರುವ ಹಲ್ಲಿ ಓಡಾಡಿಕೊಂಡು ಮೈಯನ್ನು ಸುಮಾರು 38ರಲ್ಲಿ ಇಟ್ಟುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಚುಚ್ಚಿದ ಹಲ್ಲಿ ತಾನಾಗಿ ಬಿಸಿಯ ಬದಿಗೆ ಹೋಗಿ ಮಲಗಿ ಇನ್ನೆರಡು ಡಿಗ್ರಿ ಏರಿಸಿಕೊಳ್ಳುತ್ತದೆ. 1975ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಆ ಆಯ್ಕೆಯನ್ನೇ ಕಸಿದುಕೊಂಡರು. ರೋಗಾಣು ಕೊಟ್ಟ ಹಲ್ಲಿಗಳನ್ನು 34ರಿಂದ 42 ಡಿಗ್ರಿಯವರೆಗೆ ಬೇರೆ ಬೇರೆ ಬಿಸಿಯಲ್ಲಿ ಕೂಡಿಹಾಕಿದರು. ತಂಪಿನಲ್ಲಿದ್ದವು ಹೆಚ್ಚಾಗಿ ಸತ್ತವು, 40 ಮತ್ತು 42ರಲ್ಲಿದ್ದವು ಹೆಚ್ಚಾಗಿ ಬದುಕಿದವು. ಮರುವರ್ಷ ಇನ್ನೊಂದು ಪ್ರಯೋಗ: ರೋಗಾಣುವಿನ ಜೊತೆಗೆ ಜ್ವರ ಇಳಿಸುವ ಸ್ಯಾಲಿಸಿಲೇಟ್ ಕೊಟ್ಟರು. ಔಷಧ ಹಿಡಿದು ಬಿಸಿಯ ಕಡೆಗೆ ಹೋಗದೆ ಉಳಿದ ಹಲ್ಲಿಗಳು ಸತ್ತವು.

ಮೀನು ಕೂಡ ಸೋಂಕು ತಗಲಿದರೆ ಬೆಚ್ಚನೆಯ ನೀರಿಗೆ ಈಜುತ್ತದೆ. ಕೋಟ್ಯಂತರ ವರ್ಷಗಳಿಂದ ಜೀವಿಗಳು ಬಿಡದೆ ಹಿಡಿದುಕೊಂಡು ಬಂದ ಈ ಪದ್ಧತಿಯಿಂದ ಲಾಭವೇನೂ ಇಲ್ಲ ಎಂದು ನಂಬಲು ನನಗೆ ಸಾಧ್ಯವಿಲ್ಲ.

ಬಿಸಿ ರೋಗಾಣುವನ್ನು ಬೇಯಿಸಿ ಕೊಲ್ಲುತ್ತದೆ ಎಂಬ ಮಾತು ಕೇಳಿರುತ್ತೀರಿ. ನಿಮ್ಮ ಪಾದದ ಸ್ಟ್ಯಾಫಿಲೊಕಾಕಸ್‌ಗೆ 39 ಡಿಗ್ರಿ ಅಷ್ಟೇನೂ ತೊಂದರೆಯಲ್ಲ, ಅದು ಅದಕ್ಕಿಂತ ಹೆಚ್ಚಿನ ಬಿಸಿಯಲ್ಲೂ ಬೆಳೆಯಬಲ್ಲದು. ನೆಗಡಿಯ ವೈರಸ್ಸಿನಂಥ ಕೆಲವಕ್ಕೆ ಮೂಗಿನ ತಂಪೇ ಇಷ್ಟ, ಅವಕ್ಕೆ ಜ್ವರ ಒಗ್ಗದು. ಹೆಚ್ಚಿನ ಲಾಭ ಬರುವುದು ನಮ್ಮ ಕೋಶಗಳ ಕಡೆಯಿಂದ. ನ್ಯೂಟ್ರೋಫಿಲ್‌ಗಳ ಓಡಾಟ ಚುರುಕಾಗುತ್ತದೆ. ಲಿಂಫೋಸೈಟ್‌ಗಳು ತೊಡೆಸಂದಿಯ ಆ ಗ್ರಂಥಿಗೆ ಹೆಚ್ಚು ಸಂಖ್ಯೆಯಲ್ಲಿ ನುಗ್ಗುತ್ತವೆ. ಬಿಸಿಗೆ ಹುಟ್ಟುವ ಒಂದು ಪ್ರೋಟೀನು ಅವುಗಳ ಮೈಮೇಲಿನ ಇಂಟೆಗ್ರಿನ್‌ಗಳನ್ನು ಬಿಗಿಗೊಳಿಸುತ್ತದೆ ಎಂದು ಚೀನಾದ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ.

ಇದರ ಜೊತೆಗೇ ಪಿತ್ತಕೋಶದ ಪಕ್ಕದಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆದಿದೆ. ಇಂಟರ್‌ಲ್ಯೂಕಿನ್-6 ತಲುಪಿದ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿದೆ. ಕರುಳು ಆಹಾರದ ಕಬ್ಬಿಣವನ್ನು ರಕ್ತಕ್ಕೆ ಕೊಡುವುದನ್ನು ನಿಲ್ಲಿಸಿತು. ಹಳೆಯ ಕೆಂಪು ಕಣಗಳಿಂದ ಕಬ್ಬಿಣ ಬಿಡಿಸುವ ಮ್ಯಾಕ್ರೋಫೇಜ್‌ಗಳು ಅದನ್ನು ತಮ್ಮಲ್ಲೇ ಬಚ್ಚಿಟ್ಟವು. ಗಂಟೆಗಳಲ್ಲೇ ರಕ್ತದ ಕಬ್ಬಿಣ ಇಳಿಯುತ್ತದೆ. ಕಬ್ಬಿಣವಿಲ್ಲದೆ ಸ್ಟ್ಯಾಫಿಲೊಕಾಕಸ್ ಬೆಳೆಯಲಾರದು. ಅದಕ್ಕೇ ಅದು ಕೆಂಪು ಕಣಗಳನ್ನು ಒಡೆದು ಕಬ್ಬಿಣ ಕದಿಯಲು ನೋಡುತ್ತದೆ. ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನೂ ಹೇರಳವಾಗಿ ಮಾಡುತ್ತಿದೆ. ಲ್ಯಾಬಿನ ಚೀಟಿಯಲ್ಲಿ ಸಿಆರ್‌ಪಿ ಎಂದು ಬರೆಯುವುದು ಇದನ್ನೇ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದು ಮೊದಲು ಸಿಕ್ಕಿತು.

“ಎರಡು ಗುಟುಕು ಗಂಜಿತಿಳಿನಾದ್ರೂ ಕುಡಿ,” ಅಮ್ಮ ಲೋಟ ಹಿಡಿದು ನಿಂತಿದ್ದಾರೆ. ಉಪ್ಪು ಹಾಕಿದ ಕುಚಲಕ್ಕಿ ಗಂಜಿಯ ತಿಳಿ. ಎರಡು ಗುಟುಕಿಗೆ ಸಾಕೆನಿಸಿತು. ನಾಲಗೆಗೆ ಏನೂ ಬೇಡ, ಯಾರೊಂದಿಗೂ ಮಾತು ಬೇಡ, ಕಣ್ಣು ಮುಚ್ಚಿದರೆ ಸಾಕು. ಇದನ್ನೂ ಮಾಡಿಸುತ್ತಿರುವುದು ಮೆದುಳಿಗೆ ಮುಟ್ಟಿದ ಅವೇ ಸಂದೇಶವಸ್ತುಗಳು. ಯೇಲ್ ವಿಶ್ವವಿದ್ಯಾಲಯದಲ್ಲಿ ರುಸ್ಲಾನ್ ಮೆಜಿಟೋವ್ ಅವರ ತಂಡ 2016ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಬ್ಯಾಕ್ಟೀರಿಯಾ ಸೋಂಕಿದ್ದ ಇಲಿಗಳಿಗೆ ಬಲವಂತವಾಗಿ ಆಹಾರ ಉಣಿಸಿದಾಗ ಹೆಚ್ಚು ಸತ್ತವು, ಫ್ಲೂ ವೈರಸ್ ಸೋಂಕಿದ್ದವಕ್ಕೆ ಅದೇ ಆಹಾರ ಒಳಿತು ಮಾಡಿತು. ಇಲಿಯ ಲೆಕ್ಕವನ್ನು ಹಾಗೇ ಮನುಷ್ಯನಿಗೆ ಹಾಕಬಾರದು. ನೀರು, ಗಂಜಿತಿಳಿ, ಎಳನೀರು ಮಾತ್ರ ಯಾವ ಜ್ವರದಲ್ಲೂ ತಪ್ಪಬಾರದು. ಬೇಡವೆಂದವರ ಬಾಯಿಗೆ ಅನ್ನ ತುರುಕುವುದು ಬೇಡ ಎಂಬಲ್ಲಿ ಅಮ್ಮಂದಿರ ಅನುಭವವೂ ಪ್ರಯೋಗವೂ ಒಂದೇ ಕಡೆಗಿವೆ.

ರಾತ್ರಿ ಎರಡು ಗಂಟೆ. ಮೈಕೈ ನೋವು, ತಲೆ ಸಿಡಿತ. ಒಂದು ಪ್ಯಾರಾಸಿಟಮಾಲ್ ನುಂಗಿದಿರಿ. ಮೆದುಳಿನಲ್ಲಿ ಪ್ರೊಸ್ಟಗ್ಲಾಂಡಿನ್ ಹುಟ್ಟುವುದು ಕಡಿಮೆಯಾಗುತ್ತದೆ, ಗುರಿ ಕೆಳಗಿಳಿಯುತ್ತದೆ. ಆಸ್ಪಿರಿನ್ ಇದೇ ಹಾದಿಯನ್ನು ತಡೆಯುತ್ತದೆಂದು 1971ರಲ್ಲಿ ತೋರಿಸಿದ ಲಂಡನ್ನಿನ ಜಾನ್ ವೇನ್ 1982ರ ನೊಬೆಲ್‌ನಲ್ಲಿ ಪಾಲು ಪಡೆದರು. ಮುಕ್ಕಾಲು ಗಂಟೆಯಲ್ಲಿ ಚರ್ಮದ ನಾಳಗಳು ತೆರೆದು ಬೆವರು ಕಿತ್ತುಕೊಂಡು ಬಂತು. ಕಂಬಳಿ ಒದ್ದು ಬದಿಗೆ ಸರಿಸಿದಿರಿ. ಮಾತ್ರೆ ತೆಗೆದುಕೊಂಡದ್ದು ತಪ್ಪೇ? ಹಲ್ಲಿಯ ಕಥೆ ಓದಿ ಹಾಗೆ ತೀರ್ಮಾನಿಸಬಾರದು. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ತೀವ್ರ ನಿಗಾ ಘಟಕಗಳಲ್ಲಿ (ಐಸಿಯು) ಸೋಂಕು ಇರಬಹುದೆಂಬ ಗುಮಾನಿಯಿದ್ದ, ಜ್ವರದ 700 ರೋಗಿಗಳಲ್ಲಿ ಕೆಲವರಿಗೆ ಪ್ಯಾರಾಸಿಟಮಾಲ್, ಉಳಿದವರಿಗೆ ಬರೀ ದ್ರಾವಣ ಕೊಟ್ಟು ಹೋಲಿಸಿದರು. ಐಸಿಯುನಿಂದ ಹೊರಬಂದು ಕಳೆದ ದಿನಗಳ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವಿಗೆ, ನಿದ್ದೆಗೆ, ನೀರು ಕುಡಿಯುವಷ್ಟು ಚೇತರಿಕೆಗೆ ಮಾತ್ರೆ ಇರಲಿ. ಥರ್ಮಾಮೀಟರಿನ ಸಂಖ್ಯೆ ಇಳಿಸಲೆಂದೇ ಬೇಡ. ಮಳೆಗಾಲದಲ್ಲಿ ಡೆಂಗಿಯ ಗುಮಾನಿ ಇದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಲೇಬಾರದು, ರಕ್ತಸ್ರಾವಕ್ಕೆ ದಾರಿಯಾಗುತ್ತದೆ.

ಮೂರನೆಯ ಬೆಳಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮಂಚದ ಮೇಲೆ ಕಾಲು ಚಾಚಿದ್ದೀರಿ. ಡಾಕ್ಟರು ಮರಗಟ್ಟುವ ಸೂಜಿ ಕೊಟ್ಟು ಸಣ್ಣದಾಗಿ ಕೊಯ್ದರು. ಕೀವು ಹೊರಬಂತು, ಅದರ ಜೊತೆ ಕಪ್ಪನೆಯ ಚೂರು. “ಇದು ಒಳಗಿದ್ರೆ ವಾಸಿಯಾಗೋದು ಹೇಗೆ ಹೇಳಿ,” ಎಂದು ಹತ್ತಿಯ ಮೇಲಿಟ್ಟು ತೋರಿಸಿದರು. ಅವರ ಮಾತಿಗೆ ಹಳೆಯ ಸಾಕ್ಷಿಯಿದೆ. 1957ರಲ್ಲಿ ಎಲೆಕ್ ಮತ್ತು ಕೋನನ್ ಎಂಬಿಬ್ಬರು ಸ್ವಯಂಸೇವಕರ ಚರ್ಮಕ್ಕೆ ಈ ಬ್ಯಾಕ್ಟೀರಿಯಾವನ್ನೇ ಚುಚ್ಚಿ ನೋಡಿದ್ದರು. ಕೀವಾಗಲು ಹತ್ತಾರು ಲಕ್ಷ ಬ್ಯಾಕ್ಟೀರಿಯಾ ಬೇಕಾಯಿತು. ಚರ್ಮದಲ್ಲಿ ಒಂದು ರೇಷ್ಮೆ ಹೊಲಿಗೆ ಇದ್ದಾಗ ಕೆಲವು ನೂರೇ ಸಾಕಾಯಿತು. ನ್ಯೂಟ್ರೋಫಿಲ್ ಮುಳ್ಳನ್ನು ನುಂಗಲಾರದು. ಎರಡು ದಿನ ಅದು ಮಾಡಿದ ಹೋರಾಟ ಈ ಚೂರಿನ ಸುತ್ತಲೇ ಸುತ್ತುತ್ತಿತ್ತು.

ಚೂರು ಹೋಯಿತು, ಕೀವು ಹೋಯಿತು, ಆಂಟಿಬಯೋಟಿಕ್ ಹೊಟ್ಟೆಗೆ ಬಿತ್ತು. ಸಂಜೆಗೆ ಜ್ವರ ಬಿಟ್ಟಿತು. ಒಳಗೆ ಶಮನದ ಕೆಲಸ ಶುರುವಾಗಿದೆ. ಉರಿಯೂತ ತಾನಾಗಿ ಆರಿಹೋಗುತ್ತದೆಂದು ಬಹಳ ಕಾಲ ತಿಳಿದಿದ್ದರು. ಅದನ್ನು ಆರಿಸಲೂ ಮೈ ಬೇರೆಯೇ ವಸ್ತುಗಳನ್ನು ತಯಾರಿಸುತ್ತದೆ ಎಂದು ತೋರಿಸಿದವರಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಸರ್ಹಾನ್ ಪ್ರಮುಖರು. ಹೊಸ ನ್ಯೂಟ್ರೋಫಿಲ್‌ಗಳು ಬರುವುದು ನಿಂತಿತು. ಸತ್ತವನ್ನು ಮ್ಯಾಕ್ರೋಫೇಜ್‌ಗಳು ನುಂಗಿ ಜಾಗ ಚೊಕ್ಕಟ ಮಾಡುತ್ತಿವೆ, ಹೊಸ ನಾರು ನೇಯುವ ಕೋಶಗಳನ್ನು ಕರೆಯುತ್ತಿವೆ. ಇನ್ನು ಒಂದು ವಾರ ಅಲ್ಲಿ ತುರಿಕೆ ಇರುತ್ತದೆ, ಕೆರೆಯಬೇಡಿ.

ಎಲ್ಲರ ಕಾಲಿಗೂ ಹೀಗೆ ಸುಗಮವಾಗುವುದಿಲ್ಲ. ಪಾದದಲ್ಲಿ ಒಂದೆಡೆ ನಡೆದ ಆ ನಾಳ ಅಗಲವಾಗುವುದು, ನೀರು ಜಿನುಗುವುದು ಇಡೀ ಮೈಯಲ್ಲಿ ಒಟ್ಟಿಗೇ ನಡೆದರೆ ರಕ್ತದೊತ್ತಡ ಕುಸಿಯುತ್ತದೆ. ನಂಜು ಏರಿತು ಎಂದು ಹಳ್ಳಿಯಲ್ಲಿ ಹೆದರುವುದು, ಸೆಪ್ಸಿಸ್ ಎಂದು ಆಸ್ಪತ್ರೆಯಲ್ಲಿ ಬರೆಯುವುದು ಇದಕ್ಕೇ. ಉಸಿರು ಜೋರಾಗುವುದು, ಮಾತು ತೊದಲಿ ಗೊಂದಲವಾಗುವುದು, ಮೂತ್ರ ಕಡಿಮೆಯಾಗುವುದು, ಗಾಯದಿಂದ ಕಾಲಿನ ಮೇಲಕ್ಕೆ ಕೆಂಪು ಗೆರೆ ಹತ್ತುವುದು ಕಂಡರೆ ಥರ್ಮಾಮೀಟರ್ ಏನೇ ಹೇಳಲಿ, ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು. ತೀರಾ ವಯಸ್ಸಾದವರಲ್ಲಿ ಜ್ವರ ಏರದೆಯೇ ಇದಾಗಬಹುದು. ಮೂರು ತಿಂಗಳೊಳಗಿನ ಕೂಸಿಗೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು. ಸಕ್ಕರೆ ಕಾಯಿಲೆಯವರಿಗೆ ಪಾದದ ನೋವೇ ತಿಳಿಯದಿರಬಹುದು, ಅವರು ದಿನವೂ ಅಂಗಾಲು ನೋಡಿಕೊಳ್ಳಬೇಕು.

ಡಾಕ್ಟರು ಕೊನೆಗೆ ತೋಳಿಗೆ ಒಂದು ಇಂಜೆಕ್ಷನ್ ಕೊಟ್ಟರು. ಮಣ್ಣಿನಲ್ಲಿರುವ ಧನುರ್ವಾಯುವಿನ ಬ್ಯಾಕ್ಟೀರಿಯಾ ಇದೇ ಮುಳ್ಳಿನೊಂದಿಗೆ ಬಂದಿರಬಹುದು. ಅದು ಬಂದರೆ ನಾವು ಇಷ್ಟು ಹೊತ್ತು ನೋಡಿದ ಕೆಂಪು, ಊತ, ಕೀವು ಏನೂ ಆಗದೆಯೇ ಗಾಯ ಮಾದಂತೆ ಕಾಣಬಹುದು. ಅದರ ವಿಷ ಎಷ್ಟು ಕಡಿಮೆ ಪ್ರಮಾಣದಲ್ಲಿ ಕೊಲ್ಲುತ್ತದೆಂದರೆ, ರೋಗ ಬಂದು ಬದುಕಿದವರಲ್ಲೂ ಅದರ ವಿರುದ್ಧ ರಕ್ಷಣೆ ಬೆಳೆಯುವುದಿಲ್ಲ. ಅದಕ್ಕೆ ಇರುವುದು ಲಸಿಕೆ ಒಂದೇ. ಮೊದಲು ಟಿಟಿ ಎನ್ನುತ್ತಿದ್ದದ್ದರ ಜಾಗದಲ್ಲಿ ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಡಿ ಕೊಡುತ್ತಾರೆ. ನೀವು ಕಳೆದ ಸಲ ಹಾಕಿಸಿಕೊಂಡು ಹತ್ತು ವರ್ಷ ದಾಟಿದ್ದರೆ ಮುಳ್ಳು ಹೆಟ್ಟುವವರೆಗೆ ಕಾಯದೆ ಹೋಗಿ ಹಾಕಿಸಿಕೊಂಡು ಬನ್ನಿ. ತೋಟದ ಕೆಲಸಕ್ಕೆ ಬರುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ.